ಕೊಡುವ ಕೈಗೂ ಲೆಕ್ಕವಿದೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಓದುಗರ ಕೂಟವೊಂದು ಏರ್ಪಡಿಸಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಸಮಯದ ಅಭಾವದಿಂದ ಅಲ್ಲಿ ಸೂಚಿಸಿ ಬಿಟ್ಟ ಕೆಲವು ಸಂಗತಿಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಸಭೆಯಲ್ಲಿರುವ ಹಿರಿಯರೇ, ಗೆಳೆಯರೇ,

ಜಗತ್ತಿನ ಅಸಮಾನತೆಯ ಮುಂದೆ ಧರ್ಮಕ್ಕೇನು ಕೆಲಸ, ನಾಯಕರೆನಿಸಿಕೊಂಡವರ ಹೊಣೆಯೇನು ಎಂಬ ವಿಷಯವನ್ನು ನನಗೆ ಒಪ್ಪಿಸಿದ್ದೀರಿ. ಅಂಕಿಗಳನ್ನು ಮೊದಲೇ ಹೇಳಿ ಮುಗಿಸುತ್ತೇನೆ. 2022ರ ವಿಶ್ವ ಅಸಮಾನತಾ ವರದಿಯ ಪ್ರಕಾರ ಜಗತ್ತಿನ ಒಟ್ಟು ಸಂಪತ್ತಿನ ಶೇ. 76 ಭಾಗ ಮೇಲಿನ ಶೇ. 10 ಜನರ ಕೈಯಲ್ಲಿದೆ. ಕೆಳಗಿನ ಅರ್ಧದಷ್ಟು ಜನರಿಗೆ ಸೇರಿದ್ದು ಶೇ. 2. ಇದೇ ವರದಿಯ ಹಿಂದಿರುವ ಸಂಶೋಧಕರ ತಂಡ 2024ರಲ್ಲಿ ಭಾರತದ ಲೆಕ್ಕ ತೆಗೆದಾಗ, 2022-23ರಲ್ಲಿ ದೇಶದ ಸಂಪತ್ತಿನ ಶೇ. 40.1 ಭಾಗ ಶೇ. 1 ಜನರಲ್ಲಿ ಸೇರಿಕೊಂಡದ್ದು ಕಂಡುಬಂತು.

ಇಂಥ ಅಂಕಿಗಳನ್ನು ಕೇಳಿದ ರಾತ್ರಿ ಯಾರ ನಿದ್ದೆಯೂ ಕೆಡುವುದಿಲ್ಲ. ಯಾರು ಯಾರಿಗೆ ಏನನ್ನು ಬಾಕಿ ಉಳಿಸಿಕೊಂಡಿದ್ದಾರೆ ಎಂಬುದು ಶೇಕಡಾವಾರಿನಲ್ಲಿ ಕಾಣುವುದಿಲ್ಲ. ಬಾಕಿಯನ್ನು ಕಣ್ಣಾರೆ ನೋಡಬೇಕೆಂದರೆ ಇಲ್ಲಿಂದ ಪೆರ್ಲದ ದಾರಿ ಹಿಡಿದು ಎಣ್ಮಕಜೆ ಪಂಚಾಯತಿನ ಪಡ್ರೆಯ ಕಡೆ ಇಳಿಯಬೇಕು. ಹಾಗಾಗಿ ನನ್ನ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ಎರಡು ದಶಕಗಳ ಕಾಲ, ನಮ್ಮ ಗುಡ್ಡಗಳ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು. ತೋಟ ಸರಕಾರಿ ಸ್ವಾಮ್ಯದ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿಗೆ ಸೇರಿದ್ದು. ಕೊಲ್ಲಬೇಕಾಗಿದ್ದದ್ದು ಗೇರಿನ ಚಿಗುರು ಹೀರುವ ಚಹಾ ಸೊಳ್ಳೆ ಎಂಬ ಕೀಟವನ್ನು. ಈ ನೆಲದ ಸ್ವಭಾವ ನಿಮಗೆಲ್ಲ ಗೊತ್ತು. ತೋಟ ಗುಡ್ಡದ ನೆತ್ತಿಯಲ್ಲಿ, ಮನೆ, ಅಡಿಕೆ, ಗದ್ದೆ ಕೆಳಗಿನ ಕಣಿವೆಯಲ್ಲಿ. ಕುಡಿಯುವ ನೀರು ಗುಡ್ಡ ಕೊರೆದ ಸುರಂಗದ್ದು, ತೋಡಿನದ್ದು, ತೆರೆದ ಬಾವಿಯದ್ದು. ನೆತ್ತಿಯ ಮೇಲೆ ಸುರಿದದ್ದು ಮಳೆ ಬಂದಾಗ ಅಂಗಳಕ್ಕೆ ಇಳಿಯದೆ ಬೇರೆಲ್ಲಿಗೆ ಹೋಗಬೇಕು? ಸಿಂಪಡಿಸುವ ಮುನ್ನ ನೀರಿನ ಮೂಲಗಳನ್ನು ಮುಚ್ಚಬೇಕೆಂಬ ನಿಯಮ ಕಾಗದದಲ್ಲಿ ಇತ್ತು. ಹರಿಯುವ ತೋಡನ್ನು ಮುಚ್ಚುವ ಹೊದಿಕೆಯನ್ನು ಯಾರೂ ನೇಯ್ದಿಲ್ಲ.

ತಲೆ ಮಾತ್ರ ಬೆಳೆಯುತ್ತ ಹೋದ ಮಕ್ಕಳು, ಇಪ್ಪತ್ತು ವರ್ಷವಾದರೂ ತಾಯಿಯ ತೋಳಿನಿಂದ ಇಳಿಯಲಾರದ ಮಕ್ಕಳು, ಅಪಸ್ಮಾರ, ಚರ್ಮರೋಗ, ಕ್ಯಾನ್ಸರ್, ನಿಲ್ಲದ ಗರ್ಭಗಳು. ಇದೆಲ್ಲ ಒಂದೇ ಬಗೆಯ ಊರುಗಳಲ್ಲಿ ಏಕೆ ಇಷ್ಟು ಒತ್ತೊತ್ತಾಗಿ ಕಾಣುತ್ತಿದೆ ಎಂದು ಮೊದಲು ಕೇಳಿದವರನ್ನು ಇಂದು ನೆನೆಯಬೇಕು. ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳ ಮನೆಗಳಲ್ಲಿ ಕಂಡದ್ದನ್ನು ದಾಖಲಿಸಿ ಬರೆದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲೇರಿ ಸಿಂಪಡಣೆಗೆ ತಡೆಯಾಜ್ಞೆ ತಂದರು. ಒಬ್ಬ ಹಳ್ಳಿ ಡಾಕ್ಟರು, ಒಬ್ಬ ಬರಹಗಾರ, ಒಬ್ಬ ಸರಕಾರಿ ನೌಕರೆ, ಆಮೇಲೆ ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಕುಳಿತ ತಾಯಂದಿರು. ನೈತಿಕ ನಾಯಕತ್ವ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಇವರನ್ನು ತೋರಿಸುತ್ತೇನೆ. ಇಷ್ಟೊಂದು ದೇವಸ್ಥಾನ, ಮಠ, ಮಸೀದಿ, ಇಗರ್ಜಿಗಳಿರುವ ನಾಡಿನಲ್ಲಿ ಆ ಮೊದಲ ಪ್ರಶ್ನೆ ಯಾವ ಪೀಠದಿಂದಲೂ ಬರಲಿಲ್ಲ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ.

ಇದು ಸ್ಥಳೀಯ ದುರಂತವಲ್ಲವೇ, ಜಾಗತಿಕ ಅಸಮಾನತೆಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಎಂಡೋಸಲ್ಫಾನ್ ಮೊದಲು ಮಾರುಕಟ್ಟೆಗೆ ಬಂದದ್ದು ಐವತ್ತರ ದಶಕದಲ್ಲಿ, ಶ್ರೀಮಂತ ದೇಶಗಳ ಕಂಪನಿಗಳಿಂದ. ಅಲ್ಲಿನ ಜನ ಅದರ ಅಪಾಯವನ್ನು ಅರಿತು ತಮ್ಮ ಹೊಲಗಳಿಂದ ಹೊರಹಾಕಿದ ಮೇಲೂ ಬಡ ದೇಶಗಳ ಹೊಲಗಳಲ್ಲಿ ಅದು ಉಳಿದುಕೊಂಡಿತು. ಕೊನೆಗೆ 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ, ಬೇಗ ನಾಶವಾಗದ ವಿಷ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿ ಜಾಗತಿಕ ನಿಷೇಧಕ್ಕೆ ಒಪ್ಪಿದವು. ಆ ನಿಷೇಧವನ್ನು ವರ್ಷಗಟ್ಟಲೆ ವಿರೋಧಿಸುತ್ತ ಬಂದದ್ದು ಯಾವುದೋ ಪಾಶ್ಚಾತ್ಯ ಸಾಮ್ರಾಜ್ಯವಲ್ಲ, ಭಾರತ ಸರಕಾರ. ಏಕೆಂದರೆ ಆ ಹೊತ್ತಿಗೆ ಅದರ ಅತಿ ದೊಡ್ಡ ಉತ್ಪಾದಕ ನಾವೇ ಆಗಿದ್ದೆವು. ಜಿನೀವಾದಲ್ಲಿ ಸಭೆ ನಡೆಯುತ್ತಿದ್ದ ವಾರವೇ ಅಂದಿನ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ನಿಷೇಧಕ್ಕಾಗಿ ಉಪವಾಸ ಕುಳಿತರು. ಜಿನೀವಾದ ಮೇಜಿನಲ್ಲಿ ಭಾರತದ ಹೆಸರಿನ ಫಲಕದ ಹಿಂದೆ ಪಡ್ರೆಗೆ ಕುರ್ಚಿ ಇರಲಿಲ್ಲ. ಶ್ರೀಮಂತ ಉತ್ತರ, ಬಡ ದಕ್ಷಿಣ ಎಂದು ಭೂಪಟದ ನಡುವೆ ಗೆರೆ ಎಳೆದು ಸುಮ್ಮನಾಗುವವರಿಗೆ ನಾನು ಹೇಳುವುದು ಇದನ್ನೇ: ಆ ಗೆರೆ ಪ್ರತಿ ದೇಶದ ಒಳಗೂ, ಪ್ರತಿ ಜಿಲ್ಲೆಯ ಒಳಗೂ ಹಾದುಹೋಗುತ್ತದೆ.

2017ರ ಜನವರಿ 10ರಂದು ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡಿದಾಗ 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಅವರು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದ ಎಂಟು ಮಂದಿ. ಆ ಬಳಿಕವೇ ವಿತರಣೆಗೆ ವೇಗ ಬಂದದ್ದು. ನಡುವಿನ ವರ್ಷಗಳಲ್ಲಿ ತೀರಿಕೊಂಡವರ ಲೆಕ್ಕವನ್ನು ಯಾರು ಕೊಡುತ್ತಾರೆ?

ಲೆಕ್ಕ ಎಂಬ ಮಾತಿಗೆ ಬಂದೆ. ಇಂದು ನಾನು ಹೇಳಬೇಕೆಂದು ಬಂದದ್ದೂ ಅದನ್ನೇ. ನಮ್ಮ ಊರುಗಳಲ್ಲಿ ದೇವಸ್ಥಾನದ ಬ್ರಹ್ಮಕಲಶೋತ್ಸವ ಮುಗಿದ ಮೇಲೆ ಲೆಕ್ಕಪತ್ರ ಮಂಡನೆಯ ಸಭೆ ಇರುತ್ತದೆ. ಹೊರೆಕಾಣಿಕೆಯಾಗಿ ಬಂದ ತೆಂಗಿನಕಾಯಿ ಎಷ್ಟು, ಅನ್ನ ಸಂತರ್ಪಣೆಗೆ ಬಳಸಿದ ಅಕ್ಕಿ ಎಷ್ಟು, ಚಪ್ಪರದವರಿಗೆ ಕೊಟ್ಟದ್ದೆಷ್ಟು ಎಂಬುದನ್ನೆಲ್ಲ ಓದಿ ಹೇಳಬೇಕು. ನೂರು ರೂಪಾಯಿ ವ್ಯತ್ಯಾಸ ಬಂದರೆ ಎದ್ದು ನಿಂತು ಕೇಳುವವರಿದ್ದಾರೆ, ಕೇಳಿಸಿಕೊಂಡವರು ಉತ್ತರ ಕೊಡಲೇಬೇಕು. ಅಲ್ಲಿ ಹೆಚ್ಚು ಕೊಟ್ಟವನಿಗೂ ಲೆಕ್ಕದಿಂದ ವಿನಾಯಿತಿ ಇಲ್ಲ. ಈ ಶಿಸ್ತು ನಮಗೆ ಹೊಸದಲ್ಲ. ಆದರೆ ಬಡವನ ವಿಷಯ ಬಂದ ಕೂಡಲೇ ನಮ್ಮ ಧಾರ್ಮಿಕ ಮನಸ್ಸು ಲೆಕ್ಕವನ್ನು ಬದಿಗಿಟ್ಟು ದಾನದ ಕಡೆ ಹೊರಳುತ್ತದೆ. ಸಂತ್ರಸ್ತರ ಮನೆಗೆ ಅಕ್ಕಿ ಬಂತು, ಗಾಲಿಕುರ್ಚಿ ಬಂತು, ಹಬ್ಬಕ್ಕೆ ಬಟ್ಟೆ ಬಂತು. ಕೊಟ್ಟವರಿಗೆ ನಾನು ಕೃತಜ್ಞ. ಆದರೆ ಆ ಮನೆಗೆ ಸಲ್ಲಬೇಕಾಗಿದ್ದದ್ದು ಬಾಕಿ, ಬಂದದ್ದು ಕಾಣಿಕೆ. ಬಾಕಿ ಇರುವವನು ಕಾಣಿಕೆ ಕೊಟ್ಟು ಕೈ ಮುಗಿಸಿಕೊಂಡರೆ ಸಾಲಗಾರನೇ ಧರ್ಮಿಷ್ಠನಾಗುತ್ತಾನೆ, ಕೊಡಬೇಕಾದ್ದನ್ನು ಕೇಳುವವನು ಕೃತಘ್ನನಾಗುತ್ತಾನೆ.

ನಮ್ಮ ಪರಂಪರೆಗಳು ಇದನ್ನು ಅರಿಯದವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಯ ಬಳಿಗೂ ಸೇರಿಸಲಿಲ್ಲ. ಆಸೆ ಅರಸರಿಗಿರಲಿ, ಶಿವಭಕ್ತರಿಗೆ ಏಕೆ, ಹೆಚ್ಚಿನದ್ದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು. ಈ ಕಥೆಯನ್ನು ನಾವು ಮಕ್ಕಳಿಗೆ ಪ್ರಾಮಾಣಿಕತೆಯ ಪಾಠವಾಗಿ ಹೇಳಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡಿ. ಅದು ಕದ್ದ ಅಕ್ಕಿಯಲ್ಲ, ನೆಲದಲ್ಲಿ ಬಿದ್ದಿದ್ದ ಅಕ್ಕಿ. ಯಾವ ಕಾನೂನಿನ ಕಣ್ಣಿಗೂ ಅವನು ತಪ್ಪಿತಸ್ಥನಲ್ಲ. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಇನ್ನೂ ನಾಲ್ಕು ಜನರಿಗೆ ಬಡಿಸಬಹುದಿತ್ತು, ಪುಣ್ಯವೂ ಬರುತ್ತಿತ್ತು. ಅವಳು ಆ ದಾರಿ ಹಿಡಿಯಲಿಲ್ಲ. ಮೊದಲು ಬಂದ ಬಗೆ ಸರಿಯಾಗಬೇಕು, ದಾಸೋಹ ಆಮೇಲೆ. ಗಳಿಕೆಯ ದಾರಿಯನ್ನು ಕೇಳದೆ ದಾನದ ಪ್ರಮಾಣವನ್ನು ಮಾತ್ರ ಹೊಗಳುವ ಇಂದಿನ ಜಗತ್ತಿನಲ್ಲಿ, ಸಾವಿರಾರು ಕೋಟಿ ದಾನ ಮಾಡುವ ಉದ್ಯಮಿಗಳ ಎದುರು ಲಕ್ಕಮ್ಮನನ್ನು ನಿಲ್ಲಿಸಿ ನೋಡಬೇಕು. ಅವಳ ಕೈಯಲ್ಲಿ ಹಣವೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಕೇಳಲೇಬೇಕಾದ ಪ್ರಶ್ನೆಯನ್ನು ತನ್ನ ಮನೆಯೊಳಗೇ, ತನ್ನ ಗಂಡನಿಗೇ ಕೇಳುವ ಧೈರ್ಯ ಇತ್ತು.

ಭಾಗವತದ ಏಳನೇ ಸ್ಕಂಧದಲ್ಲಿ ನಾರದರು ಯುಧಿಷ್ಠಿರನಿಗೆ ಹೇಳುವ ಮಾತು ಇನ್ನೂ ಕಠಿಣ. ಹೊಟ್ಟೆ ತುಂಬುವಷ್ಟರ ಮೇಲೆ ಮಾತ್ರ ದೇಹಧಾರಿಗೆ ಒಡೆತನ, ಅದಕ್ಕಿಂತ ಹೆಚ್ಚಿನದ್ದನ್ನು ತನ್ನದೆನ್ನುವವನು ಕಳ್ಳ, ಶಿಕ್ಷೆಗೆ ಅರ್ಹ. ಸಪ್ತಾಹಗಳಲ್ಲಿ ಈ ಶ್ಲೋಕ ಬಂದಾಗ ವ್ಯಾಖ್ಯಾನಕ್ಕೆ ಹೆಚ್ಚು ಸಮಯ ಸಿಗಲಿ ಎಂದು ಆಸೆಪಡುತ್ತೇನೆ. ಬಂಗ್ರಮಂಜೇಶ್ವರದ ಜೈನ ಬಸದಿಗಳು ಅಪರಿಗ್ರಹವನ್ನು, ಅಂದರೆ ಕೂಡಿಡದಿರುವುದನ್ನು, ವ್ರತವೆಂದು ಎಣಿಸಿದ ಧರ್ಮದ ಗುರುತುಗಳು. ಕುರ್‌ಆನ್ ಉಳ್ಳವರ ಸಂಪತ್ತಿನಲ್ಲಿ ಕೇಳುವವನಿಗೂ ವಂಚಿತನಿಗೂ ಗೊತ್ತಾದ ಹಕ್ಕು ಇದೆ ಎನ್ನುತ್ತದೆ. ಸಂಪತ್ತು ಸಿರಿವಂತರ ನಡುವೆಯೇ ಸುತ್ತಬಾರದು ಎಂದೂ ಹೇಳುತ್ತದೆ. ಝಕಾತ್ ಎಂಬ ಕಡ್ಡಾಯ ಪಾಲು, ಕೊಡುವವನ ಔದಾರ್ಯದ ಮೇಲೆ ನಿಂತದ್ದಲ್ಲ. ನಿಗದಿತ ಮಿತಿ ದಾಟಿದ ಉಳಿತಾಯದ ಮೇಲೆ ವರ್ಷಕ್ಕೆ ಶೇ. 2.5 ಎಂಬ ಖಚಿತ ಲೆಕ್ಕ ಅದು.

ಗಲ್ಫ್‌ಗೆ ಮಕ್ಕಳನ್ನು ಕಳಿಸಿದ ಮನೆಗಳು ಈ ಸಭೆಯಲ್ಲಿ ಬಹಳ ಇವೆ ಎಂದು ಬಲ್ಲೆ, ಆದ್ದರಿಂದ ಇದರ ಪಕ್ಕ ಇನ್ನೊಂದು ಶೇಕಡಾವಾರನ್ನು ಇಡುತ್ತೇನೆ. ವಲಸೆ ಕಾರ್ಮಿಕರು ಊರಿಗೆ ಹಣ ಕಳಿಸುವ ವೆಚ್ಚ 2030ರೊಳಗೆ ಶೇ. 3ಕ್ಕಿಂತ ಕೆಳಗಿಳಿಯಬೇಕೆಂದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಬರೆದುಕೊಂಡಿದ್ದಾರೆ. ಜಗತ್ತಿನ ಸರಾಸರಿ ಇನ್ನೂ ಶೇ. 6ರ ಆಸುಪಾಸಿನಲ್ಲಿದೆ, ಆಫ್ರಿಕದ ಬಡ ದೇಶಗಳಿಗೆ ಅದಕ್ಕಿಂತ ಹೆಚ್ಚು. ಸಿರಿವಂತ ತನ್ನ ಉಳಿತಾಯದ ಮೇಲೆ ದೇವರಿಗೆ ಅಂಜಿ ಕೊಡುವ ಪಾಲಿನ ಎರಡು ಪಟ್ಟಿಗಿಂತ ಹೆಚ್ಚನ್ನು, ಕೂಲಿಯವನು ತನ್ನ ಬೆವರಿನ ಹಣ ತಾಯಿಗೆ ತಲುಪಲೆಂದು ದಲ್ಲಾಳಿಗೆ ಕೊಡುತ್ತಿದ್ದಾನೆ. ಇದು ಯಾವ ಧರ್ಮದ ತಕ್ಕಡಿಯಲ್ಲಿ ಸರಿತೂಗುತ್ತದೆ?

ಧರ್ಮಗಳು ಅಸಮಾನತೆಯನ್ನು ಸಾಕಿದ್ದನ್ನು ಮರೆತು ಅವುಗಳ ಒಳ್ಳೆಯ ಮಾತನ್ನಷ್ಟೇ ಎತ್ತಿ ಹಿಡಿದರೆ ಅದು ಅರ್ಧ ಸತ್ಯ. ತುಳುನಾಡಿನಲ್ಲಿ ಕೊರಗ ಸಮುದಾಯದವರನ್ನು ದೈವ, ದೇವರು, ಶಕುನಗಳ ಹೆಸರಿನಲ್ಲಿಯೇ ಹೀನಾಯವಾಗಿ ನಡೆಸಿಕೊಂಡೆವು. ಮೇಲಿನವರು ತಮ್ಮ ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ ತಮ್ಮ ರೋಗ ಕಳೆದುಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಕಾನೂನೇ ಬೇಕಾಯಿತು. ಚಂದ್ರಗಿರಿ ಹೊಳೆಯ ತೆಂಕು ಭಾಗದ ಪೊಟ್ಟನ್ ತೆಯ್ಯಂ ಎಂಬ ದೈವಾರಾಧನೆಯನ್ನು ನೋಡಿದವರಿಗೆ ಗೊತ್ತು, ಆಚಾರ್ಯ ಶಂಕರರ ದಾರಿಗೆ ಅಡ್ಡ ನಿಂತ ಚಂಡಾಲ ಅಲ್ಲಿ ಕೆಂಡದ ಮೇಲೆ ಒರಗಿ ಪ್ರಶ್ನೆ ಕೇಳುತ್ತಾನೆ. ನಿನ್ನನ್ನು ಕಡಿದರೂ ರಕ್ತ, ನನ್ನನ್ನು ಕಡಿದರೂ ರಕ್ತ, ಮತ್ತೆ ಭೇದವೆಲ್ಲಿ? ಮಲಯ, ಪುಲಯ ಸಮುದಾಯದವರು ಕಟ್ಟುವ ಆ ದೈವದ ಮುಂದೆ ಮೇಲಿನವರು ಶತಮಾನಗಳಿಂದ ತಲೆಬಾಗಿದ್ದಾರೆ. ಆ ಪ್ರಶ್ನೆ ಭೂಮಿಯ ಹಂಚಿಕೆಯವರೆಗೆ ಇಳಿಯಲು ಮಾತ್ರ ಕಾನೂನು ಬರುವವರೆಗೆ ಕಾಯಬೇಕಾಯಿತು.

ಭೂಮಿಯ ಮಾತು ಬಂದರೆ ಎಡನೀರಿಗೆ ಹೋಗದೆ ನಿರ್ವಾಹವಿಲ್ಲ. ಕಾಸರಗೋಡಿನ ಕನ್ನಡಿಗರಿಗೆ ಎಡನೀರು ಮಠವೆಂದರೆ ಯಕ್ಷಗಾನ, ಸಂಗೀತ, ಶಾಲೆ. ದೇಶದ ವಕೀಲರಿಗೆಲ್ಲ ಅದು ಕೇಶವಾನಂದ ಭಾರತಿ ಪ್ರಕರಣ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ನಮ್ಮ ತಾಲೂಕಿಗೆ ಕೇರಳದ ಭೂಸುಧಾರಣೆಯೂ ಬಂತು. ಮೂಲಗೇಣಿ, ಚಾಲಗೇಣಿ ಎಂಬ ಗೇಣಿ ಪದ್ಧತಿಗಳ ಜಗತ್ತು 1970ರ ಜನವರಿ 1ರಿಂದ ಮುಗಿಯಿತು, ಗೇಣಿದಾರರು ಒಡೆಯರಾದರು. ಆ ವರ್ಷವೇ ಎಡನೀರಿನ ಯುವ ಪೀಠಾಧಿಪತಿ ಕೇಶವಾನಂದ ಭಾರತಿಗಳು ಮಠದ ಭೂಮಿಯ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಹದಿಮೂರು ನ್ಯಾಯಾಧೀಶರ ಪೀಠ ಅರುವತ್ತೆಂಟು ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು ಏಳು-ಆರರ ಅಂತರದಲ್ಲಿ ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಅದೇ ತೀರ್ಪು ಕೇರಳದ ಭೂಸುಧಾರಣಾ ಕಾನೂನುಗಳನ್ನು, ಕೋರ್ಟಿನ ಪ್ರಶ್ನೆಯಿಂದ ಕಾನೂನುಗಳಿಗೆ ರಕ್ಷಣೆ ಕೊಡುವ ಸಂವಿಧಾನದ ಒಂಬತ್ತನೇ ಅನುಸೂಚಿಗೆ ಸೇರಿಸಿದ ತಿದ್ದುಪಡಿಯನ್ನೂ ಎತ್ತಿಹಿಡಿಯಿತು. ಮಠಕ್ಕೆ ಭೂಮಿ ಮರಳಲಿಲ್ಲ. ದೇಶಕ್ಕೆ ಸಂವಿಧಾನದ ರಕ್ಷೆ ಸಿಕ್ಕಿತು.

2020ರ ಸೆಪ್ಟೆಂಬರಿನಲ್ಲಿ ಸ್ವಾಮೀಜಿಯವರು ಬ್ರಹ್ಮೈಕ್ಯರಾದಾಗ ಬಂದ ಬರಹಗಳಲ್ಲಿ ಹೆಚ್ಚಿನವು ತೀರ್ಪಿನ ಮೊದಲ ಅರ್ಧವನ್ನು ಮಾತ್ರ ನೆನೆದವು. ನನಗೆ ಎರಡೂ ಅರ್ಧ ಒಟ್ಟಿಗೆ ಬೇಕು. ಧಾರ್ಮಿಕ ಸಂಸ್ಥೆಯ ಆಸ್ತಿಯೂ ಸೇರಿದಂತೆ ಆಸ್ತಿಗೆ ಸಮಾಜ ಮಿತಿ ಹಾಕಬಹುದು. ಹಾಗೆ ಮಿತಿ ಹಾಕುವ ಸರಕಾರಕ್ಕೂ ಒಂದು ಮಿತಿ ಇದೆ. ಸಮಾನತೆಯ ಹೆಸರಿನಲ್ಲಿ ಸ್ವಾತಂತ್ರ್ಯವನ್ನೇ ನುಂಗಿದ ಆಡಳಿತಗಳನ್ನೂ, ಸ್ವಾತಂತ್ರ್ಯದ ಹೆಸರಿನಲ್ಲಿ ಹಸಿವನ್ನು ಸಹಜವೆಂದ ಆಡಳಿತಗಳನ್ನೂ ಜಗತ್ತು ಕಂಡಿದೆ. ಆ ಎರಡರ ನಡುವಿನ ದಾರಿಯನ್ನು ದೇಶ ಹುಡುಕಿಕೊಂಡದ್ದು ಕಾಸರಗೋಡಿನ ಕನ್ನಡ ಮಠವೊಂದರ ಅರ್ಜಿಯಿಂದ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಆ ಸುಧಾರಣೆಯೂ ಪೂರ್ಣವಾಗಿರಲಿಲ್ಲ. ಗೇಣಿದಾರನಿಗೆ ಭೂಮಿ ಸಿಕ್ಕಿತು. ಗೇಣಿದಾರನ ಗದ್ದೆಯಲ್ಲಿ ದುಡಿದ ದಲಿತನಿಗೆ ಗುಡಿಸಲಿನ ಸುತ್ತಲಿನ ಹತ್ತು ಸೆಂಟ್ಸ್ ಸಿಕ್ಕಿತು. ದೊಡ್ಡ ಪ್ಲಾಂಟೇಶನ್‌ಗಳು ಮಿತಿಯ ಹೊರಗೇ ಉಳಿದವು. ಇಂದಿಗೂ ಕೇರಳದ ದಲಿತ, ಆದಿವಾಸಿ ಹೋರಾಟಗಳು ಭೂಮಿಯನ್ನೇ ಕೇಳುತ್ತಿರುವುದು ಇದರಿಂದ.

ಇನ್ನು ಗಡಿ. 2020ರ ಮಾರ್ಚಿನಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಕರ್ನಾಟಕದವರು ಗಡಿಯ ತಲಪಾಡಿಯನ್ನು ಮುಚ್ಚಿದ್ದು, ಒಳದಾರಿಗಳಿಗೆ ಮಣ್ಣಿನ ರಾಶಿ ಸುರಿದದ್ದು ನೆನಪಿದೆಯಲ್ಲ? ನಮಗೆ ಆಸ್ಪತ್ರೆ ಎಂದರೆ ಮಂಗಳೂರು. ಡಯಾಲಿಸಿಸ್‌ಗೆ, ಹೃದಯಕ್ಕೆ, ಹೆರಿಗೆಗೆ ಅಲ್ಲಿಗೇ ಹೋಗಬೇಕು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರೂ ಅಂದು ಅದು ಆಸ್ಪತ್ರೆಯಾಗಿ ನಡೆಯುತ್ತಿರಲಿಲ್ಲ. ಗಡಿಯಲ್ಲಿ ಆಂಬುಲೆನ್ಸ್ ನಿಂತಿತು, ಚಿಕಿತ್ಸೆ ಸಿಗದೆ ಜನ ತೀರಿಕೊಂಡರು. ಕೇರಳ ಹೈಕೋರ್ಟು ದಾರಿ ತೆರೆಸಬೇಕೆಂದು ಏಪ್ರಿಲ್ 1ರಂದು ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅತ್ತ ಕಡೆಯವರು ನಮ್ಮದೇ ಭಾಷೆಯವರು, ನಮ್ಮ ಬೀಗರು, ಅದೇ ಕ್ಷೇತ್ರಗಳಿಗೆ ನಡೆದುಕೊಳ್ಳುವವರು. ಭಯ ಎಲ್ಲರಿಗೂ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಭಯದ ಹೊತ್ತಿನಲ್ಲಿಯೇ ಅಲ್ಲವೇ ಧರ್ಮಕ್ಕೆ ಕೆಲಸ ಇರುವುದು?

ಹತ್ತು ತಿಂಗಳ ಬಳಿಕ ಅದೇ ಮಣ್ಣಿನ ರಾಶಿ ಜಗತ್ತಿನ ಅಳತೆಯಲ್ಲಿ ಎದ್ದಿತು. 2021ರ ಜನವರಿ 18ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಒಂದು ಲೆಕ್ಕ ಕೊಟ್ಟರು. 49 ಶ್ರೀಮಂತ ದೇಶಗಳಲ್ಲಿ ಹಾಕಿಯಾದ ಲಸಿಕೆ 3.9 ಕೋಟಿ ಡೋಸು. ಅತಿ ಬಡ ದೇಶವೊಂದರಲ್ಲಿ ಹಾಕಿದ್ದು 25 ಡೋಸು. ಕೋಟಿಯಲ್ಲ, ಲಕ್ಷವಲ್ಲ, ಬರೀ ಇಪ್ಪತ್ತೈದು. ಲಸಿಕೆಯ ಪೇಟೆಂಟ್ ನಿರ್ಬಂಧವನ್ನು ತಾತ್ಕಾಲಿಕವಾಗಿ ಸಡಿಲಿಸಿ ಎಂದು ಭಾರತ, ದಕ್ಷಿಣ ಆಫ್ರಿಕ 2020ರ ಅಕ್ಟೋಬರಿನಲ್ಲಿಯೇ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಕೇಳಿದ್ದವು. ಜಿನೀವಾದಲ್ಲಿ ಎಂಡೋಸಲ್ಫಾನ್ ಪರ ನಿಂತ ಅದೇ ಭಾರತ ಇಲ್ಲಿ ಬಡವರ ಪರ ನಿಂತಿತು, ಅದನ್ನೂ ಹೇಳಬೇಕು. ತೀರ್ಮಾನ ಬರಲು 2022ರ ಜೂನ್ ಆಯಿತು, ಬಂದದ್ದೂ ಮೊಟಕಾದ ರೂಪದಲ್ಲಿ. ಅಷ್ಟರಲ್ಲಿ ಸಾಯಬೇಕಾಗಿರದಿದ್ದ ಎಷ್ಟೋ ಜನ ಸತ್ತಿದ್ದರು.

ಹಾಗಾದರೆ ಧರ್ಮದ ದನಿ ಎಂದಾದರೂ ಜಗತ್ತಿನ ಲೆಕ್ಕದ ಪುಸ್ತಕವನ್ನು ತೆರೆಸಿದೆಯೇ? ತೆರೆಸಿದೆ. ಹೀಬ್ರೂ ಬೈಬಲಿನ ಯಾಜಕಕಾಂಡದಲ್ಲಿ ಐವತ್ತನೆಯ ವರ್ಷವನ್ನು ಜುಬಿಲಿ, ಅಂದರೆ ಬಿಡುಗಡೆಯ ವರ್ಷವೆಂದು ಕರೆದಿದ್ದಾರೆ. ಮಾರಿದ ಭೂಮಿ ಮೂಲದವನಿಗೆ ಮರಳಬೇಕು, ಜೀತಕ್ಕೆ ಬಿದ್ದವನು ಮನೆಗೆ ಹೋಗಬೇಕು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಅಧ್ಯಾಪಕ ಮಾರ್ಟಿನ್ ಡೆಂಟ್ ಈ ಹಳೆಯ ವಿಧಿಯನ್ನು ತೆಗೆದುಕೊಂಡು, ಬಡ ದೇಶಗಳ ತೀರಿಸಲಾಗದ ಸಾಲವನ್ನು 2000ದ ಹೊತ್ತಿಗೆ ಮನ್ನಾ ಮಾಡಬೇಕೆಂದು ಕೇಳಿದರು. ನಿವೃತ್ತ ರಾಜತಾಂತ್ರಿಕ ಬಿಲ್ ಪೀಟರ್ಸ್ ಜೊತೆಯಾದರು. ಚರ್ಚುಗಳು ಬಂದವು, ದಕ್ಷಿಣ ಆಫ್ರಿಕದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಬಂದರು, ಪೋಪ್ ಎರಡನೇ ಜಾನ್ ಪಾಲ್ ದನಿಗೂಡಿಸಿದರು. ಜುಬಿಲಿ 2000 ಎಂಬ ಈ ಚಳವಳಿಯ ಸುಮಾರು 70,000 ಜನ 1998ರ ಮೇ 16ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಶ್ರೀಮಂತ ದೇಶಗಳ ನಾಯಕರ ಸಭೆ ನಡೆಯುತ್ತಿದ್ದಾಗ ಊರಿನ ಸುತ್ತ ಕೈ ಕೈ ಹಿಡಿದು ನಿಂತರು. ಮರುವರ್ಷ ಜರ್ಮನಿಯ ಕಲೋನ್‌ನಲ್ಲಿ ಆ ನಾಯಕರು ಸಾಲ ಪರಿಹಾರವನ್ನು ವಿಸ್ತರಿಸಲು ಒಪ್ಪಿದರು. ಇಲ್ಲಿಯವರೆಗೆ 37 ದೇಶಗಳ 100 ಶತಕೋಟಿ ಡಾಲರಿಗೂ ಮೀರಿದ ಸಾಲದ ಭಾರ ಇಳಿದಿದೆ. ಹೀಗೆ ಪರಿಹಾರ ಪಡೆದ ಟಾಂಜಾನಿಯಾ 2001ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿದಾಗ ಶಾಲೆಗಳಿಗೆ ಮಕ್ಕಳು ನುಗ್ಗಿ ಬಂದರು.

ಆ ಚಳವಳಿಯವರು ಆಫ್ರಿಕಕ್ಕೆ ಕರುಣೆ ತೋರಿ ಎಂದು ಕೇಳಿದ್ದರೆ ಶ್ರೀಮಂತ ದೇಶಗಳು ಇನ್ನೊಂದಿಷ್ಟು ಗೋಧಿ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದವು. ಅವರು ಕೇಳಿದ್ದು ಬೇರೆ: ಝೈರಿನ ಮೊಬುಟುವಿನಂಥ ಸರ್ವಾಧಿಕಾರಿಗೆ ಸಾಲ ಕೊಟ್ಟಾಗ ನಿಮಗೆ ಅವನ ಗುಣ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಕೊಟ್ಟಿದ್ದರೆ ಅವನು ತಿಂದದ್ದನ್ನು ಆ ದೇಶದ ಕೂಸು ಏಕೆ ತೀರಿಸಬೇಕು? ಇದು ಲಕ್ಕಮ್ಮ ಕೇಳಿದ ಜಾತಿಯದೇ ಪ್ರಶ್ನೆ. ಧರ್ಮಗ್ರಂಥದ ಮಾತು ಹಣಕಾಸು ಸಚಿವರ ಮೇಜಿನ ಮೇಲೆ ಕೆಲಸ ಮಾಡಿದ್ದು ಅದು ಲೆಕ್ಕದ ರೂಪ ತಾಳಿದಾಗ.

ಆ ಗೆಲುವು ಉಳಿಯಲಿಲ್ಲ ಎಂಬುದನ್ನೂ ಹೇಳಲೇಬೇಕು. ಹೊಸ ಸಾಲಗಳು ಬಂದವು, ಈ ಬಾರಿ ಖಾಸಗಿ ಬಾಂಡುಗಳ ರೂಪದಲ್ಲಿ, ಬಡ್ಡಿ ಹೆಚ್ಚು. ಹಿಂದೆ ಪರಿಹಾರ ಪಡೆದಿದ್ದ ಜಾಂಬಿಯಾ 2020ರ ನವೆಂಬರಿನಲ್ಲಿ ಕಂತು ಕಟ್ಟಲಾಗದೆ ಕೈಚೆಲ್ಲಿತು. ಆರೋಗ್ಯಕ್ಕಾಗಲಿ ಶಿಕ್ಷಣಕ್ಕಾಗಲಿ ಮಾಡುವ ವೆಚ್ಚಕ್ಕಿಂತ ಬಡ್ಡಿಗೆ ಹೆಚ್ಚು ತೆರುವ ದೇಶಗಳಲ್ಲಿ ಬದುಕುತ್ತಿರುವವರು 330 ಕೋಟಿ ಜನ ಎಂದು ವಿಶ್ವಸಂಸ್ಥೆಯ ವಾಣಿಜ್ಯ ಮತ್ತು ಅಭಿವೃದ್ಧಿ ವಿಭಾಗ 2024ರಲ್ಲಿ ಹೇಳಿತು. 2025ನ್ನು ಜುಬಿಲಿ ವರ್ಷವೆಂದು ಘೋಷಿಸಿದ ಪೋಪ್ ಫ್ರಾನ್ಸಿಸ್ ಸಾಲ ಮನ್ನಾದ ಕರೆಯನ್ನು ಮತ್ತೆ ಕೊಟ್ಟು ಆ ವರ್ಷದ ಏಪ್ರಿಲಿನಲ್ಲಿ ತೀರಿಕೊಂಡರು. ಇಪ್ಪತ್ತೈದು ವರ್ಷದ ಹಿಂದಿನ ಜನಸಾಗರ ಈ ಬಾರಿ ಬೀದಿಗೆ ಬರಲಿಲ್ಲ. ಕರೆ ಕೊಡುವವರು ಇದ್ದೂ ಕೈಹಿಡಿದು ನಿಲ್ಲುವವರು ಇಲ್ಲದಿದ್ದರೆ ನಾಯಕತ್ವ ಉಪದೇಶಕ್ಕೆ ಇಳಿಯುತ್ತದೆ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಜಾಂಬಿಯಾದ ಸಾಲದ ಬಗ್ಗೆ ಬದಿಯಡ್ಕದಲ್ಲಿ ಕುಳಿತವರು ಏನು ಮಾಡಲಾದೀತು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಎಂಡೋಸಲ್ಫಾನ್ ವಿಷಯದಲ್ಲಿ ನಮಗಾಗಿ ಜಿನೀವಾದಲ್ಲಿ ದನಿಯೆತ್ತಿದವರಲ್ಲಿ ನಮ್ಮ ಊರನ್ನೇ ನೋಡದವರೂ ಇದ್ದರು ಎಂದು ಹೇಳಿದೆ. ಅವರು ನಮ್ಮ ವಿಷಯ ಓದಿದ್ದರು, ತಮ್ಮ ಸರಕಾರಗಳ ನಿಲುವನ್ನು ಪ್ರಶ್ನಿಸಿದ್ದರು. ಭಾರತವೂ ಇಂದು ಸಾಲ ಕೊಡುವ ದೇಶ, ಅಂತರರಾಷ್ಟ್ರೀಯ ಸಭೆಗಳಲ್ಲಿ ಮತ ಇರುವ ದೇಶ. ಅಲ್ಲಿ ನಮ್ಮ ಹೆಸರಿನಲ್ಲಿ ಏನು ಹೇಳುತ್ತಿದ್ದಾರೆಂದು ಸಂಸದರನ್ನು ಕೇಳುವುದು ನಮ್ಮಿಂದ ಆಗುವ ಕೆಲಸ.

ದೇವಸ್ಥಾನದ ಸಮಿತಿಯೊಂದರಲ್ಲಿ ದುಡಿದ ಹಿರಿಯರು ಇನ್ನೊಂದು ಪ್ರಶ್ನೆ ಕೇಳಿದರು. ಭಕ್ತರು ದೇವರ ಕಾರ್ಯಕ್ಕೆಂದು ಕೊಟ್ಟ ಹಣವನ್ನು ಬೇರೆ ಕಡೆ ತಿರುಗಿಸುವುದು ವಿಶ್ವಾಸದ್ರೋಹವಲ್ಲವೇ? ಅವರ ಆತಂಕ ಪ್ರಾಮಾಣಿಕವಾದದ್ದು. ಹುಂಡಿಯ ಹಣ ನನಗೆ ಬೇಡ ಎಂದೆ. ನನಗೆ ಬೇಕಾದದ್ದು ವಾರ್ಷಿಕ ಮಹಾಸಭೆಯ ಅರ್ಧ ಗಂಟೆ ಮತ್ತು ಸಮಿತಿಯ ಲೆಟರ್‌ಹೆಡ್ಡು. ಸಂತ್ರಸ್ತ ಮಕ್ಕಳ ತಾಯಂದಿರಿಗೆ ಈಗ ವಯಸ್ಸಾಗಿದೆ. ನಾವು ಹೋದ ಮೇಲೆ ಇವರನ್ನು ನೋಡುವವರು ಯಾರು ಎಂದು ಅವರು ಎಲ್ಲ ವೇದಿಕೆಗಳಲ್ಲೂ ಕೇಳುತ್ತಿದ್ದಾರೆ. ಪ್ರತಿ ದೇವಸ್ಥಾನ, ಪ್ರತಿ ಜಮಾಅತ್, ಪ್ರತಿ ಇಗರ್ಜಿ ತನ್ನ ಸರಹದ್ದಿನ ಅಂಥ ಮನೆಗಳ ಪಟ್ಟಿ ಮಾಡಲಿ, ಜಾತಿ ಮತ ನೋಡದೆ. ಯಾರಿಗೆ ಪರಿಹಾರ ಬಂದಿಲ್ಲ, ಯಾರ ಮಾಸಿಕ ಸಹಾಯಧನ ನಿಂತಿದೆ, ಯಾವ ಮಗುವಿಗೆ ವಿಶೇಷ ಮಕ್ಕಳ ಬಡ್ಸ್ ಶಾಲೆಗೆ ಹೋಗಲು ವಾಹನವಿಲ್ಲ, ಯಾವ ತಾಯಿಗೆ ಒಂದು ದಿನದ ಬಿಡುವೂ ಇಲ್ಲ ಎಂಬುದನ್ನು ಬರೆದುಕೊಂಡು, ಮೂರೂ ಕಡೆಯವರು ಒಟ್ಟಾಗಿ ಜಿಲ್ಲಾಧಿಕಾರಿಯ ಕಚೇರಿಗೆ ಹೋಗಿ ಲಿಖಿತ ಉತ್ತರ ಕೇಳಲಿ. ಬಂದ ಉತ್ತರವನ್ನು ಮುಂದಿನ ವರ್ಷದ ಲೆಕ್ಕಪತ್ರದ ಜೊತೆಗೇ ಸಭೆಯಲ್ಲಿ ಓದಲಿ.

ಆ ಹಿರಿಯರು ತಮ್ಮ ಸಮಿತಿಯ ಮುಂದೆ ವಿಷಯ ಇಡುವುದಾಗಿ ಹೇಳಿದ್ದಾರೆ. ಪಟ್ಟಿಯ ನಮೂನೆ ತಯಾರಿಸುವ ಕೆಲಸವನ್ನು ಕೂಟದ ಇಬ್ಬರು ಅಧ್ಯಾಪಕರು ವಹಿಸಿಕೊಂಡಿದ್ದಾರೆ. ಅದು ಕನ್ನಡದಲ್ಲೂ ಮಲಯಾಳದಲ್ಲೂ ಇರಬೇಕು ಎಂಬುದಷ್ಟೇ ನನ್ನ ಕೋರಿಕೆ, ಏಕೆಂದರೆ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳ ಎಷ್ಟೋ ತಾಯಂದಿರಿಗೆ ಸರಕಾರದಿಂದ ಬರುವ ಕಾಗದವನ್ನು ಇಂದಿಗೂ ಬೇರೆಯವರು ಓದಿ ಹೇಳಬೇಕಾಗಿದೆ.